1850ರ ಪಂಢರಪುರ ವಾರಿ ನಾಟಕಕ್ಕೆ: ಪಾಲಖಿ, ದಿಂಡಿ, ಕುದುರೆಗಳ ಬಗ್ಗೆ ತಿಳಿದವರು ಹೇಳಿ

ರಂಗಸಜ್ಜಿಕೆ:
ಚಿಕ್ಕೋಡಿ ಕಡೆಯ ರೈತನೊಬ್ಬ 1850ರ ಸುಮಾರಿಗೆ ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವ, ಅಂದರೆ ವಾರಿ ಮಾಡುವ, ಕಥೆಯನ್ನು ನಾಟಕ ಮಾಡುತ್ತಿದ್ದೇನೆ. ಮೊದಲ ಅಂಕ ಆಳಂದಿಯಲ್ಲಿ, ಕೊನೆಯದು ವಿಠಲನ ಗರ್ಭಗುಡಿಯಲ್ಲಿ. ಪಾಲಖಿಯಲ್ಲಿ (ಪಲ್ಲಕ್ಕಿಯಲ್ಲಿ) ವಿಠಲನ ಮೂರ್ತಿ ಇರುತ್ತದೆಯೇ? ದಿಂಡಿಯಲ್ಲಿ, ಅಂದರೆ ಭಜನೆ ಮಾಡುತ್ತ ನಡೆಯುವ ತಂಡದಲ್ಲಿ, ಯಾರು ಎಲ್ಲಿ ನಿಲ್ಲುತ್ತಾರೆ? ನಡುವೆ ಕುದುರೆ ಪಂದ್ಯದ ಒಂದು ದೃಶ್ಯ ಇಟ್ಟಿದ್ದೇನೆ. ನಾಯಕನ ಗೆಳೆಯ ದಲಿತ. ಕೊನೆಗೆ ಇಬ್ಬರೂ ಒಟ್ಟಿಗೆ ದೇವರ ಪಾದ ಮುಟ್ಟುತ್ತಾರೆ. ಎಲ್ಲಿ ಎಡವಿದ್ದೇನೆ ಹೇಳಿ.

ಭೀಮಾತೀರ:
ಮೂರ್ತಿ ಇರುವುದಿಲ್ಲ ಸರ್. ಪಾಲಖಿಯಲ್ಲಿರುವುದು ಸಂತರ ಪಾದುಕೆ. ವಿಠಲ ಪಂಢರಪುರದಲ್ಲಿ ನಿಂತೇ ಇರುತ್ತಾನೆ, ಅವನನ್ನು ಕಾಣಲು ಸಂತರು ಹೋಗುತ್ತಾರೆ, ಅವರ ಜೊತೆ ಜನ ಹೋಗುತ್ತಾರೆ. ಈ ಭಾವ ತಪ್ಪಿದರೆ ನಾಟಕ ಜಾತ್ರೆಯ ಉತ್ಸವವಾಗಿಬಿಡುತ್ತದೆ.

ವಾರಿ ಜ್ಞಾನೇಶ್ವರರಿಗಿಂತ ಹಳೆಯದು, ಪಾಲಖಿ ಅಷ್ಟು ಹಳೆಯದಲ್ಲ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಜ್ಞಾನೇಶ್ವರ, ತುಕಾರಾಮ ಇಬ್ಬರ ಪಾದುಕೆಗಳನ್ನೂ ಒಂದೇ ಪಾಲಖಿಯಲ್ಲಿ ಒಯ್ಯುವ ಪದ್ಧತಿ ಶುರು ಮಾಡಿದರು. ಮುಂದೆ ಆ ಮನೆತನದಲ್ಲಿ ಹಕ್ಕಿನ ತಕರಾರು ಎದ್ದಿತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಸಾತಾರಾ ಸೀಮೆಯ ಹೈಬತಬಾಬಾ ಆರಫಳಕರರು ಜ್ಞಾನೇಶ್ವರರ ಪಾಲಖಿಯನ್ನು ಆಳಂದಿಯಿಂದ ಬೇರೆಯಾಗಿ ಹೊರಡಿಸಿದರು. ಅವರು ಗ್ವಾಲಿಯರ್‌ನ ಸಿಂಧಿಯಾ ದರಬಾರಿನಲ್ಲಿ ಸೇವೆಯಲ್ಲಿದ್ದವರು. ಇಂದಿಗೂ ಈ ವಾರಿಯಲ್ಲಿ ಕಾಣುವ ದಂಡಿನ ಶಿಸ್ತು ಅಲ್ಲಿಂದ ಬಂದದ್ದು: ಡೇರೆ, ಕುದುರೆ, ಬೆಳ್ಳಿ ಕೋಲು ಹಿಡಿದ ಚೋಪದಾರ, ಹೊರಡಲು ಮೂರು ಸಲ ಕಹಳೆ. ಮೊದಲ ಕಹಳೆಗೆ ಗಂಟು ಕಟ್ಟುವುದು, ಎರಡನೆಯದಕ್ಕೆ ಸಾಲು ನಿಲ್ಲುವುದು, ಮೂರನೆಯದಕ್ಕೆ ಹೆಜ್ಜೆ. 1850 ಅಂದರೆ ಈ ವ್ಯವಸ್ಥೆ ಬೇರೂರಿದ ಕಾಲ, ನಿಮ್ಮ ಆಯ್ಕೆ ಚೆನ್ನಾಗಿದೆ. ಆದರೆ ತುಕಾರಾಮರ ಊರು ದೇಹೂ ಮತ್ತು ಜ್ಞಾನೇಶ್ವರರ ಸಮಾಧಿಯಿರುವ ಆಳಂದಿ ಎರಡೂ ಕಡೆಯ ಪಾಲಖಿಗಳನ್ನು ಒಂದೇ ಎಂದು ಬರೆಯಬೇಡಿ. ದೇಹೂ ಪಾಲಖಿ ಜ್ಯೇಷ್ಠ ಬಹುಳ ಸಪ್ತಮಿಗೆ, ಆಳಂದಿಯದು ಅಷ್ಟಮಿಗೆ ಹೊರಡುತ್ತದೆ. ಪುಣೆ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ.

ದಿಂಡಿಯ ಕ್ರಮ: ಮುಂದೆ ಭಗವಾ (ಕೇಸರಿ) ಪತಾಕೆಯವರು, ಹಿಂದೆ ಸಾಲು ಸಾಲಾಗಿ ತಾಳದವರು, ಅವರ ನಡುವೆ ಮೃದಂಗದವನು, ಆಮೇಲೆ ವೀಣೆಯವನು, ಕೊನೆಗೆ ತುಳಸಿ ಕಟ್ಟೆಯನ್ನೂ ನೀರಿನ ಕೊಡವನ್ನೂ ತಲೆಯ ಮೇಲೆ ಹೊತ್ತ ಹೆಂಗಸರು. ವೀಣೆ ಅಂದೊಡನೆ ಸರಸ್ವತಿ ವೀಣೆ ತಂದಿಡಬೇಡಿ, ಇದು ಕೊರಳಿಗೆ ತೂಗುಹಾಕಿಕೊಂಡು ಶ್ರುತಿಗಷ್ಟೇ ಮೀಟುವ ಚಿಕ್ಕ ವಾದ್ಯ. ನಡಿಗೆಯಲ್ಲಿ ಅದನ್ನು ನೆಲಕ್ಕಿಡುವುದಿಲ್ಲ. ಒಬ್ಬ ದಣಿದರೆ ಇನ್ನೊಬ್ಬನ ಕೊರಳಿಗೆ ಹಾಕಿ, ಪರಸ್ಪರ ಕಾಲಿಗೆರಗುತ್ತಾರೆ. ಇಂದಿನ ದಿಂಡಿ ನಂಬರುಗಳನ್ನು ಮಾತ್ರ ಸಂಭಾಷಣೆಯಲ್ಲಿ ತರಬೇಡಿ.

ಆಳಂದಿಯಿಂದ ಪಂಢರಪುರ ಸುಮಾರು 250 ಕಿ.ಮೀ. ದಿನಕ್ಕೆ ಇಷ್ಟೇ ಎಂಬ ಸಮ ಲೆಕ್ಕವಿಲ್ಲ. ಪುಣೆಯಿಂದ ಸಾಸವಡಕ್ಕೆ 30 ಕಿ.ಮೀ.ಗೂ ಹೆಚ್ಚು, ನಡುವೆ ದಿವೆ ಘಾಟಿನ ಏರು, ಮೇಲಾಗಿ ಅಂದು ಜ್ಯೇಷ್ಠ ಬಹುಳ ಏಕಾದಶಿ, ಉಪವಾಸ. ಅತಿ ಉದ್ದದ ನಡಿಗೆ ಬರಿಹೊಟ್ಟೆಯ ದಿನವೇ ಬೀಳುತ್ತದೆ. ನಾಯಕ ಕುಸಿಯುವ ದೃಶ್ಯ ಬೇಕಿದ್ದರೆ ಜಾಗ ಅದೇ. ಅಲ್ಲಿ ಯಾರ ಕೈಗೂ ಸಾಬೂದಾನಿ ಖಿಚಡಿ ಕೊಡಬೇಡಿ, ಅದು ಮನೆಮನೆಯ ಉಪವಾಸದ ತಿಂಡಿಯಾದದ್ದು ಬಹಳ ಈಚೆಗೆ. ಹಾಲು, ಹಣ್ಣು, ಬೆಲ್ಲ ಸಾಕು.

ಕೃಷ್ಣೆಯ ದಂಡೆ:
ಕುದುರೆಯ ವಿಷಯ ನಿಮ್ಮ ನಾಯಕನ ಊರಿಗೇ ಬಂದು ಮುಟ್ಟುತ್ತದ್ರೀ. ಜ್ಞಾನೇಶ್ವರ ಪಾಲಖಿಯ ಎರಡು ಕುದುರೆಗಳನ್ನು ಕೊಡುವವರು ಚಿಕ್ಕೋಡಿ ತಾಲ್ಲೂಕು ಅಂಕಲಿಯ ಶಿತೋಳೆ ಸರಕಾರರ ಮನೆತನ. ಹೈಬತಬಾಬಾರ ಕಾಲದಿಂದ ನಡೆದುಬಂದ ಸೇವೆ ಅದು. ಕುದುರೆಗಳು ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿ.ಮೀ. ನಡೆದೇ ಹೋಗುತ್ತವೆ. ಹಾಗಾಗಿ ಮೊದಲ ಅಂಕ ಆಳಂದಿಯಲ್ಲಿ ಬೇಡ, ಅಂಕಲಿಯಲ್ಲಿ ಶುರುವಾಗಲಿ.

ಏಕೆಂದರೆ ಸಾಮಾನ್ಯ ರೈತ ಆಳಂದಿಗೆ ಹೋಗುವ ಪ್ರಮೇಯವೇ ಇಲ್ಲ. ನಮ್ಮ ಕಡೆಯವರಿಗೆ ಅಥಣಿ, ಜತ್ತ, ಸಾಂಗೋಲೆ ಹಾದಿಯಿಂದ ಪಂಢರಪುರ ನೇರ. ಅಥಣಿಯಿಂದ ಏಳೆಂಟು ದಿನದ ನಡಿಗೆ. ಅದನ್ನು ಬಿಟ್ಟು ವಾಯವ್ಯಕ್ಕೆ 300 ಕಿ.ಮೀ. ಹೋಗಿ, ತಿರುಗಿ 250 ಕಿ.ಮೀ. ಬರಬೇಕೆಂದರೆ ಬಲವಾದ ಕಾರಣ ಬೇಕು. ಕುದುರೆ ನೋಡಿಕೊಳ್ಳುವ ಆಳು ಎಂದು ಮಾಡಿದರೆ ಕಾರಣ ತಾನಾಗಿ ಸಿಗುತ್ತದೆ. ಹೊಲದ ಲೆಕ್ಕವೂ ಇದೆ. ಆಷಾಢದಲ್ಲಿ ಮುಂಗಾರು ಬಿತ್ತನೆ ಮುಗಿಯದಿದ್ದರೆ ರೈತ ಮನೆ ಬಿಡುವುದಿಲ್ಲ. ಎರೆ ಭೂಮಿಯವನಾದರೆ ಹಿಂಗಾರಿ ಬಿಳಿಜೋಳ ಬಿತ್ತಿ ಕಾರ್ತಿಕ ಏಕಾದಶಿಗೆ ಹೋಗುವುದೇ ಸಹಜ. ವಾರಿಗಳು ನಾಲ್ಕು: ಚೈತ್ರ, ಆಷಾಢ, ಕಾರ್ತಿಕ, ಮಾಘ. ರೈಲು ಹತ್ತಿಸಬೇಡಿ, ಸೋಲಾಪುರಕ್ಕೆ ಹಳಿ ಬಂದದ್ದೇ 1860ರಲ್ಲಿ.

ಇನ್ನು, ಅದು ಪಂದ್ಯವಲ್ಲ, ರಿಂಗಣ. ಜನ ದುಂಡಾಗಿ ನಿಂತು ನಡುವೆ ದಾರಿ ಬಿಡುತ್ತಾರೆ. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ, ಇನ್ನೊಂದರ ಬೆನ್ನು ಖಾಲಿ. ಅದರ ಮೇಲೆ ಸ್ವತಃ ಜ್ಞಾನೇಶ್ವರರು ಕೂತಿದ್ದಾರೆಂಬುದು ನಂಬಿಕೆ. ಸವಾರನ ಕುದುರೆ ಮೊದಲು ಓಡುತ್ತದೆ, ಖಾಲಿ ಕುದುರೆ ಬೆನ್ನಟ್ಟುತ್ತದೆ. ಗೆಲುವು ಸೋಲು ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಓಟ ಮುಗಿದ ಕೂಡಲೇ ಗೊರಸಿನ ಕೆಳಗಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ. ನಿಮ್ಮ ದೃಶ್ಯ ಅಲ್ಲಿದೆ.

ನಾಮದೇವ ಪಾಯರಿ:
ಕೊನೆಯ ಅಂಕವನ್ನು ದಯವಿಟ್ಟು ಬದಲಿಸಿ. 1850ರಲ್ಲಿ ದಲಿತ ಗೆಳೆಯ ಗುಡಿಯೊಳಗೆ ಕಾಲಿಡಲು ಸಾಧ್ಯವಿರಲಿಲ್ಲ. ಮಹಾದ್ವಾರದ ಮೊದಲ ಮೆಟ್ಟಿಲು ಸಂತ ನಾಮದೇವರ ಹೆಸರಿನದು, ಅದರೆದುರು ದಲಿತ ಸಂತ ಚೋಖಾಮೇಳಾ ಸಮಾಧಿ. ಗೆಳೆಯನ ಯಾತ್ರೆ ಅಲ್ಲಿಗೇ ನಿಲ್ಲುತ್ತಿತ್ತು. ಆ ಬಾಗಿಲು ತೆರೆಯಲು 1947ರಲ್ಲಿ ಗಾಂಧಿವಾದಿ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ದಿಂಡಿಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಎರಗುತ್ತಿದ್ದುದು ನಿಜ, ಅಡುಗೆಯ ಒಲೆ ಬೇರೆ ಬೇರೆ ಇದ್ದುದೂ ನಿಜ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 20ನೇ ಶತಮಾನದ ನಡುವಿನಲ್ಲಿ ವಾರಿಯ ಜೊತೆ ನಡೆದಾಗಲೂ ಬ್ರಾಹ್ಮಣರ ಮತ್ತು ಮರಾಠರ ಊಟ ಬೇರೆಬೇರೆಯಾಗಿತ್ತು, ಅದು ಅವರನ್ನು ನೋಯಿಸಿತ್ತು. ಅದಕ್ಕೂ ನೂರು ವರ್ಷ ಹಿಂದಿನ ಕಥೆಯಲ್ಲಿ ಇದನ್ನು ಮುಚ್ಚಿಟ್ಟರೆ ಚೋಖಾಮೇಳಾನಿಗೆ ಮಾಡುವ ಅನ್ಯಾಯ. ಚೋಖಾ ಸತ್ತದ್ದು ಮಂಗಳವೇಢೆಯಲ್ಲಿ, ಗೋಡೆ ಕಟ್ಟುವಾಗ ಅದು ಕುಸಿದು ಎಂಬುದು ಪರಂಪರೆಯ ಮಾತು. ಬಸವಣ್ಣನವರು ಮೊದಲು ಕಾಯಕ ಮಾಡಿದ ಮಂಗಳವಾಡವೂ ಇದೇ ಊರು. ಕನ್ನಡ ನಾಟಕಕಾರರು ಇದನ್ನು ಬಿಡಬಾರದು.

ರಂಗಸಜ್ಜಿಕೆ:
ಎಲ್ಲರಿಗೂ ಶರಣು. ಹಾಗಾದರೆ ಗೆಳೆಯ ಮೆಟ್ಟಿಲ ಬಳಿಯೇ ಉಳಿಯುತ್ತಾನೆ. ಆದರೆ ಅವನ ಸಿಟ್ಟನ್ನು ವಾರಿಯೊಳಗೇ ತೋರಿಸುವ ದಾರಿ ಇದೆಯೇ?

ಭೀಮಾತೀರ:
ಇದೆ, ಸಂಜೆಯ ಸಮಾಜ ಆರತಿ. ಬಿಡದಿಯಲ್ಲಿ ದಿಂಡಿಗಳೆಲ್ಲ ಪಾಲಖಿಯ ಸುತ್ತ ಸೇರಿ ತಾಳ ಬಾರಿಸುತ್ತಿರುತ್ತವೆ. ಚೋಪದಾರ ಕೋಲು ಎತ್ತಿದ ಕ್ಷಣ ಎಲ್ಲ ಸದ್ದೂ ನಿಲ್ಲುತ್ತದೆ. ದೂರು ಇರುವ ದಿಂಡಿ ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರ ಅಲ್ಲಿಗೇ ಹೋಗಿ ಕೇಳಿ ಬಗೆಹರಿಸಬೇಕು, ಆಮೇಲೆಯೇ ಆರತಿ. ದಿನದಲ್ಲಿ ಕಳೆದ, ಸಿಕ್ಕ ವಸ್ತುಗಳನ್ನು ಕೂಗಿ ಹೇಳುವುದೂ ಆಗಲೇ. ರಂಗದ ಮೇಲೆ ಮೂವತ್ತು ತಾಳ ಒಮ್ಮೆಲೇ ನಿಲ್ಲಲಿ, ಗೆಳೆಯನ ಒಂದು ಜೋಡಿ ಬಾರಿಸುತ್ತಲೇ ಇರಲಿ. ತಾಳ ಕಂಚಿನದೇ ಇರಲಿ, ತೆಳು ಹಿತ್ತಾಳೆಯದಾದರೆ ಹಿಂದಿನ ಸಾಲಿಗೆ ಕೇಳುವುದಿಲ್ಲ.