ರಾತ್ರಿ ಬೀಟಿನ ಪೊಲೀಸರಿಗೆ ಸಂಘದಿಂದ ದುಡ್ಡು ಕೊಡಬಹುದಾ?

ಪ್ರಶ್ನೆ: ವಕೀಲ್ರೇ, ನಮಸ್ಕಾರ. ಗ್ರೂಪಿನಲ್ಲೇ ಕೇಳ್ತಿದ್ದೇನೆ. ಗಂಗಾವತಿಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಸುಗ್ಗಿ ಬಂತಂದ್ರೆ ಭತ್ತದ ಲಾರಿಗಳು ರಾತ್ರಿಯೆಲ್ಲ ರಸ್ತೆಯಲ್ಲೇ ನಿಲ್ಲುತ್ತವೆ. ಡೀಸೆಲ್ ಕಳುವಾಗುತ್ತದೆ, ಚೀಲಗಳೂ ಹೋಗುತ್ತವೆ. ಮಿಲ್ಲಿನವರೆಲ್ಲ ಸೇರಿ ಬೀಟಿನ ಪೊಲೀಸರಿಗೆ ತಿಂಗಳಿಗಿಷ್ಟು ಅಂತ ಕೊಡೋಣ ಅಂತಿದ್ದೇವೆ. ಲಂಚ ಅಲ್ಲ ಸರ್, ರಸೀದಿ ಹಾಕಿಸಿಯೇ ಕೊಡೋದು. ತಪ್ಪೇನಾದರೂ ಇದೆಯಾ?

ವಕೀಲರ ಉತ್ತರ: ಬೇಡ್ರಿ. ರಸೀದಿ ಹಾಕಿಸಿದರೆ ನಿಮ್ಮ ವಿರುದ್ಧದ ಸಾಕ್ಷಿಯನ್ನು ನೀವೇ ಬರೆದಿಟ್ಟ ಹಾಗೆ.

‘ಅವರ ಡ್ಯೂಟಿಯನ್ನೇ ಅವರು ಮಾಡ್ತಾರಲ್ಲ’ ಅನ್ನಬಹುದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಯಿತು. ಅದರ 7ನೇ ಕಲಮಿನಲ್ಲಿ ಒಂದು ಉದಾಹರಣೆ ಇದೆ: ರೇಷನ್ ಕಾರ್ಡ್ ಅರ್ಜಿಯನ್ನು ಟೈಮಿಗೆ ಸರಿಯಾಗಿ ಮುಗಿಸಲು 5,000 ರೂಪಾಯಿ ಕೇಳಿದ ನೌಕರ ಅಪರಾಧಿ. ಕೆಲಸ ನ್ಯಾಯವಾದದ್ದೇ, ಆದರೂ ಅಪರಾಧ. ತಗೊಂಡವರಿಗೆ 3ರಿಂದ 7 ವರ್ಷ ಜೈಲು. 8ನೇ ಕಲಮಿನಲ್ಲಿ ಕೊಟ್ಟವರೂ ಸಿಕ್ಕಿಬೀಳಬಹುದು. ಒತ್ತಾಯಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಪಾರು. ನಿಮ್ಮನ್ನು ಯಾರೂ ಒತ್ತಾಯಿಸಿಲ್ಲವಲ್ಲ!

ಕಾನೂನು ಪಕ್ಕಕ್ಕಿರಲಿ. ನಾಳೆ ಒಬ್ಬ ಹಮಾಲ ನಿಮ್ಮ ಮಿಲ್ಲಿನ ಮೇಲೆಯೇ ದೂರು ಕೊಡಲು ಬಂದರೆ? ತಿಂಗಳ ದುಡ್ಡು ತಗೊಂಡವರು ಅದನ್ನು ಬರೆದುಕೊಳ್ತಾರಾ? ಬಳ್ಳಾರಿ ನೆನಪಿದೆಯಲ್ಲ. ಅಕ್ರಮ ಗಣಿಗಾರಿಕೆ ಬಗ್ಗೆ ಸಂತೋಷ್ ಹೆಗ್ಡೆಯವರು 2011ರಲ್ಲಿ ಕೊಟ್ಟ ಲೋಕಾಯುಕ್ತ ವರದಿಯಲ್ಲಿ, ಗಣಿಯವರಿಂದ ಅಧಿಕಾರಿಗಳಿಗೆ ಹಣ ಹೋದ ಆರೋಪವೂ ಇತ್ತು.

ಇನ್ನೊಬ್ಬರು: ಅಮೆರಿಕದಲ್ಲಿ ಪೊಲೀಸರು ಅಂಗಡಿ ಕಾಯ್ತಾರಂತಲ್ಲ ಸರ್, ಯೂನಿಫಾರ್ಮ್ ಹಾಕ್ಕೊಂಡೇ?

ವಕೀಲರು: ಹೌದು, ಎಷ್ಟೋ ಊರುಗಳಲ್ಲಿ ಇಲಾಖೆಯ ಅನುಮತಿ ಪಡೆದು, ರಜೆಯ ವೇಳೆಯಲ್ಲಿ ಮಾಡ್ತಾರೆ. ನ್ಯೂಯಾರ್ಕಿನಲ್ಲಿ ದಾನಿಗಳ ದುಡ್ಡು ಪೊಲೀಸ್ ಇಲಾಖೆಗೆ ತಲುಪಿಸುವ ಒಂದು ಪ್ರತಿಷ್ಠಾನವೇ 1971ರಿಂದ ಇದೆ. ದುಡ್ಡು ಕೊಟ್ಟವರ ಮಾತು ಜಾಸ್ತಿ ನಡೆಯುತ್ತದೆ ಅಂತ ಅಲ್ಲೂ ಜಗಳ ಇದ್ದೇ ಇದೆ. ಆ ಪದ್ಧತಿ ಹೇಳಿಕೊಂಡು ಇಲ್ಲಿ ಕೋರ್ಟಿಗೆ ಬಂದರೆ ಉಪಯೋಗವಿಲ್ಲ.

ಪ್ರಶ್ನೆ: ಹಂಗಾದ್ರೆ ನಾವೇನು ಮಾಡೋಣ?

ವಕೀಲರು: ಬೀಟ್ ಹೆಚ್ಚಿಸಿ ಅಂತ ಎಸ್‌ಪಿಯವರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಹಣ ಕಟ್ಟಿ ಬಂದೋಬಸ್ತ್ ಪಡೆಯುವುದಾದರೆ ಅದು ಸರ್ಕಾರದ ಖಜಾನೆಗೇ ಹೋಗಬೇಕು. ಯಾರನ್ನು ಹಾಕಬೇಕು ಅಂತ ಇಲಾಖೆ ನೋಡಿಕೊಳ್ಳುತ್ತದೆ, ನೀವಲ್ಲ. ನನ್ನನ್ನು ಕೇಳಿದರೆ ಆ ದುಡ್ಡಿಗೆ ಲೈಸೆನ್ಸ್ ಇರುವ ಏಜೆನ್ಸಿಯಿಂದ ಇಬ್ಬರು ವಾಚ್‌ಮನ್, ರಸ್ತೆ ಕಡೆಗೆ ಒಳ್ಳೆ ಸಿಸಿಟಿವಿ ಹಾಕಿಸಿ.

ಪ್ರಶ್ನೆ: ಸರ್, ಹೋದ ತಿಂಗಳದ್ದು ಆಗಲೇ ಕೊಟ್ಟಾಗಿದೆ...

ವಕೀಲರು: ಅದನ್ನ ಗ್ರೂಪಿನಲ್ಲಿ ಬರೀಬೇಡ್ರಿ! ಅಳಿಸಿ, ನಾಳೆ ಆಫೀಸಿಗೆ ಬನ್ನಿ. ರಸೀದಿ ಪುಸ್ತಕ ಹರಿಯೋಕೆ ಹೋಗಬೇಡಿ, ಹಾಗೇ ತನ್ನಿ.