ಮನೆಯಂಗಳ ತೊಳೆಯುವ ಕೆಲಸಕ್ಕೆ ಟ್ರೈಲರ್ ಮೇಲೆ ಪ್ರೆಷರ್ ವಾಷರ್ ಕೂರಿಸುವ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಊರಿಗೆ ಮರಳಿದವ, ಕುಂದಾಪುರ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಕುವೈತಿನಲ್ಲಿ ಕಟ್ಟಡ ನಿರ್ವಹಣೆಯ ಕೆಲಸ ಮಾಡಿ ಕಳೆದ ವರ್ಷ ಊರಿಗೆ ಬಂದಿದ್ದೇನೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವುದರಿಂದ ನವರಾತ್ರಿಯ ಹೊತ್ತಿಗೆ ಇಂಟರ್‌ಲಾಕ್ ಹಾಕಿದ ಅಂಗಳಗಳು ಕಪ್ಪುಗಟ್ಟಿ, ಕಾಲಿಟ್ಟಲ್ಲಿ ಜಾರುತ್ತವೆ. ಎಷ್ಟೋ ಮನೆಗಳಲ್ಲಿ ವಯಸ್ಸಾದ ತಂದೆತಾಯಿ ಮಾತ್ರ ಇದ್ದಾರೆ, ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದಾರೆ. ಇಬ್ಬರು ಆಳುಗಳು ಬ್ಲೀಚಿಂಗ್ ಪುಡಿ ಎರಚಿ ಎರಡು ದಿನ ತಿಕ್ಕುವ ಕೆಲಸವನ್ನು ಯಂತ್ರದಿಂದ ಅರ್ಧ ದಿನದಲ್ಲಿ ಮುಗಿಸಿಕೊಡುವುದನ್ನೇ ಉದ್ಯೋಗವಾಗಿ ಮಾಡಿಕೊಳ್ಳಬೇಕೆಂದಿದ್ದೇನೆ.

ಎರಡು ಚಕ್ರದ ಟ್ರೈಲರ್ ಮಾಡಿಸಿ, ಅದರ ಮೇಲೆ 1,000 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಮತ್ತು 13 ಎಚ್‌ಪಿ ಪೆಟ್ರೋಲ್ ಎಂಜಿನ್ನಿಗೆ ಜೋಡಿಸಿದ 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಪಂಪು ಕೂರಿಸಿ, ಮನೆಯಲ್ಲಿರುವ ಹಳೆಯ ಜೀಪಿಗೆ ಕೊಂಡಿ ಹಾಕಿ ಎಳೆಯುವುದು ನನ್ನ ಯೋಜನೆ. ಟ್ಯಾಂಕು ಇಷ್ಟು ದೊಡ್ಡದಿದ್ದರೆ ಸಾಕೇ, ಒತ್ತಡ ಇನ್ನೂ ಹೆಚ್ಚು ಬೇಕೇ ಎಂಬುದು ಒಂದು ಪ್ರಶ್ನೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಮನೆಯಲ್ಲೇ ಇದೆ, ಅದನ್ನೇ ಬಳಸಿ ಹಣ ಉಳಿಸಬಹುದೇ ಎಂಬುದು ಇನ್ನೊಂದು. ಹಂಚಿನ ಮಾಡು, ಕೆಂಪುಕಲ್ಲಿನ ಕಂಪೌಂಡ್ ಗೋಡೆಗಳ ಕೆಲಸವನ್ನೂ ಕೇಳುತ್ತಿದ್ದಾರೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಪಂಪು ರಿಪೇರಿಯವ, ಉಡುಪಿ

ನಿಮ್ಮ ಯೋಜನೆಯಲ್ಲಿ ಎಂಜಿನ್ ಸರಿಯಾಗಿದೆ, ಟ್ಯಾಂಕು ಮತ್ತು ಒತ್ತಡದ ಲೆಕ್ಕ ತಪ್ಪಿದೆ ಎಂದು ನನ್ನ ಅನಿಸಿಕೆ.

ಮೊದಲು ಒತ್ತಡದ ವಿಷಯ. ಈ ಯಂತ್ರ ಕೊಳ್ಳುವವರೆಲ್ಲರೂ ಎಷ್ಟು ಬಾರ್ ಎಂದು ಕೇಳುತ್ತಾರೆಯೇ ಹೊರತು ನಿಮಿಷಕ್ಕೆ ಎಷ್ಟು ಲೀಟರ್ ಎಂದು ಕೇಳುವುದಿಲ್ಲ. ಪಾಚಿಯನ್ನು ನೆಲದಿಂದ ಬಿಡಿಸುವುದು ಒತ್ತಡವಾದರೂ ಬಿಟ್ಟ ಪಾಚಿಯನ್ನೂ ಕೆಸರನ್ನೂ ಅಂಗಳದ ಅಂಚಿನವರೆಗೆ ದೂಡಿಕೊಂಡು ಹೋಗುವುದು ನೀರಿನ ಪ್ರಮಾಣ, ಮತ್ತು ದಿನದ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ತೀರ್ಮಾನಿಸುವುದೂ ಅದೇ. ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ಸೇರುವ ಶಕ್ತಿ ಕಿಲೋವಾಟಿನಲ್ಲಿ ಸಿಗುತ್ತದೆ. 200 ಬಾರ್, 15 ಲೀಟರಿನ ಪಂಪಿಗೆ ಅದು 5 ಕಿಲೋವಾಟ್, ನಷ್ಟಗಳನ್ನು ಸೇರಿಸಿದರೆ ಸುಮಾರು 8 ಎಚ್‌ಪಿ. ಅದೇ ಎಂಜಿನ್ನಿನಿಂದ 150 ಬಾರ್, 21 ಲೀಟರಿನ ಪಂಪನ್ನೂ ಓಡಿಸಬಹುದು, ಏಕೆಂದರೆ ಲೆಕ್ಕ 5.25 ಕಿಲೋವಾಟಿಗೆ ನಿಲ್ಲುತ್ತದೆ. ಇಂಟರ್‌ಲಾಕಿಗೆ 150 ಬಾರ್ ಧಾರಾಳವಾಯಿತು. ಕೈಗೆ ಬರುವ ನೀರು ಮಾತ್ರ ಶೇಕಡಾ 40ರಷ್ಟು ಹೆಚ್ಚು. ನಾನಾದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ಕರೆಂಟಿನ ಯಂತ್ರ ಬೇಡವೆಂದು ನೀವು ಬಿಟ್ಟಿರುವುದು ಒಳ್ಳೆಯದೇ ಆಯಿತು. ಮನೆಗಳ 16 ಆಂಪಿಯರ್ ಪ್ಲಗ್ಗಿನಿಂದ 3 ಎಚ್‌ಪಿ ಮೋಟರಿಗಿಂತ ಹೆಚ್ಚಿನದನ್ನು ನೆಚ್ಚಿಕೊಳ್ಳಲಾಗದು, ಅದರಲ್ಲಿ 100 ಬಾರ್, 11 ಲೀಟರಿನ ಆಸುಪಾಸು ಮಾತ್ರ ಸಿಗುತ್ತದೆ.

ಈಗ ಟ್ಯಾಂಕಿಗೆ ಬರೋಣ. 1,000 ಲೀಟರ್ ಎಂದರೆ ಒಂದು ಟನ್ ತೂಕ. 21 ಲೀಟರಿನ ಪಂಪು ಅದನ್ನು 48 ನಿಮಿಷದಲ್ಲಿ ಖಾಲಿ ಮಾಡುತ್ತದೆ, ಅಷ್ಟರಲ್ಲಿ ಯಾವ ಅಂಗಳವೂ ಮುಗಿಯುವುದಿಲ್ಲ. ಆದ್ದರಿಂದ ನೀರನ್ನು ಹೊತ್ತೊಯ್ಯುವ ಆಸೆ ಬಿಟ್ಟು, ಆ ಮನೆಯ ಬಾವಿಯ ನೀರನ್ನೇ ಬಳಸಿಕೊಂಡು, ನಿಮ್ಮ ಟ್ಯಾಂಕನ್ನು ನಡುವಿನ ಸಂಗ್ರಹವಾಗಿ ಮಾತ್ರ ಇಟ್ಟುಕೊಳ್ಳಿ. ಮನೆಗೆ ಹೋದ ಕೂಡಲೇ 20 ಲೀಟರಿನ ಬಕೆಟನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿ. 100 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್ ಬರುತ್ತಿದೆ ಎಂದರ್ಥ. ಕೆಲಸ ಮಾಡುವಾಗ ನೀರು ಹಾಯಿಸುವ ಗನ್ ಸದಾ ತೆರೆದಿರುವುದಿಲ್ಲ. ಹೋಸ್ ಎಳೆಯಲು, ಹೂಕುಂಡ ಸರಿಸಲು ಮೂರನೇ ಒಂದು ಭಾಗದ ಹೊತ್ತು ಮುಚ್ಚಿಯೇ ಇರುತ್ತದೆ. ಹಾಗಾಗಿ ಸರಾಸರಿ ಖರ್ಚು 14 ಲೀಟರ್, ಬರುವುದು 12 ಲೀಟರ್, ನಿಮಿಷಕ್ಕೆ 2 ಲೀಟರಿನ ಕೊರತೆ. 500 ಲೀಟರಿನ ಟ್ಯಾಂಕು ತುಂಬಿಸಿಕೊಂಡು ಆರಂಭಿಸಿದರೆ ನಾಲ್ಕು ಗಂಟೆ ಚಿಂತೆಯಿಲ್ಲ.

ಪಂಪಿನ ಪ್ರಾಣ ಇರುವುದು ಗನ್ನಿನ ಕಡೆಯಲ್ಲಿ ಅಲ್ಲ, ನೀರು ಒಳಬರುವ ಕಡೆಯಲ್ಲಿ. ಟ್ಯಾಂಕಿನ ತಳ ಪಂಪಿಗಿಂತ ಮೇಲಿರಲಿ, ಒಳಬರುವ ಪೈಪು ಒಂದು ಇಂಚಿಗಿಂತ ಸಣ್ಣದಾಗದಿರಲಿ, ನಡುವೆ ಬಿಚ್ಚಿ ತೊಳೆಯಬಹುದಾದ ಜಾಲರಿ ಫಿಲ್ಟರ್ ಇರಲೇಬೇಕು, ಏಕೆಂದರೆ ನಮ್ಮ ಬಾವಿಗಳ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಕೆಂಪು ನುಣುಪು ಮರಳನ್ನು ಹೊತ್ತು ತರುತ್ತದೆ. ಗನ್ ಮುಚ್ಚಿದಾಗ ನೀರನ್ನು ಬೇರೆ ದಾರಿಗೆ ಬಿಡುವ ಅನ್‌ಲೋಡರ್ ವಾಲ್ವಿನಿಂದ ಹೊರಬರುವ ನೀರನ್ನು ಟ್ಯಾಂಕಿಗೇ ಹಿಂತಿರುಗಿಸಿ. ಮೊದಲ ವರ್ಷ ನಾನು ಪೈಪು ಉಳಿಸಲು ಹೋಗಿ ಅದನ್ನು ಪಂಪಿನ ಬಾಯಿಗೇ ತಿರುಗಿಸಿದ್ದೆ. ಒಂದು ಮನೆಯಲ್ಲಿ ಯಜಮಾನರು ಕಾಫಿಗೆ ಕರೆದರೆಂದು ಎಂಜಿನ್ ನಿಲ್ಲಿಸದೆ ಹತ್ತು ನಿಮಿಷ ಕುಳಿತುಬಿಟ್ಟೆ. ಅದೇ ನೀರು ಸುತ್ತಿ ಸುತ್ತಿ ಕಾದು ಸೀಲುಗಳೆಲ್ಲ ಹೋದವು. ಕಾಫಿ ಮಾತ್ರ ಚೆನ್ನಾಗಿತ್ತು.

ಎಂಜಿನ್ನಿಗೆ ನೇರವಾಗಿ ಜೋಡಿಸುವ, ನಿಮಿಷಕ್ಕೆ 3,400 ಸುತ್ತು ತಿರುಗುವ ಪಂಪಿಗಿಂತ ಬೆಲ್ಟಿನಲ್ಲಿ 1,450 ಸುತ್ತಿಗೆ ಇಳಿಸಿ ಓಡಿಸುವ ಪಂಪು ಬೆಲೆ ಹೆಚ್ಚಾದರೂ ಬಾಳಿಕೆ ಬರುತ್ತದೆ. ಮೊದಲ 50 ಗಂಟೆಗೆ ಪಂಪಿನ ಎಣ್ಣೆ ಬದಲಿಸಿ, ಆಮೇಲೆ 500 ಗಂಟೆಗೊಮ್ಮೆ ಸಾಕು. ಗನ್ನಿನ ತುದಿಯ ನಾಜಲ್ ಮೇಲಿನ ಸಂಖ್ಯೆ ಅಮೆರಿಕದ ಲೆಕ್ಕದ್ದು, 4,000 ಪಿಎಸ್‌ಐ (ಸುಮಾರು 276 ಬಾರ್) ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಗ್ಯಾಲನ್ ಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. 150 ಬಾರ್, 21 ಲೀಟರಿಗೆ 7.5ರ ನಾಜಲ್ ಹೊಂದುತ್ತದೆ. ನೆಲಕ್ಕೆ ಗನ್ ಹಿಡಿದು ಗೀಚುತ್ತಾ ಕೂರಬೇಡಿ, ತಿರುಗುವ ಕೈಗಳಿರುವ ಸರ್ಫೇಸ್ ಕ್ಲೀನರ್ ತೆಗೆದುಕೊಳ್ಳಿ. ಅದರಲ್ಲಿ ಎರಡು ನಾಜಲ್‌ಗಳಿರುವುದರಿಂದ ಪ್ರತಿಯೊಂದೂ ಸುಮಾರು ಇದರ ಅರ್ಧದ್ದಾಗಿರಬೇಕು.

ಉತ್ತರ: ಲಾರಿ ಬಾಡಿ ಕಟ್ಟುವವ, ಮಂಗಳೂರು

ಪಂಪಿನ ಬಗ್ಗೆ ಮೇಲಿನವರು ಹೇಳಿದ ಮೇಲೆ ನಾನು ಸೇರಿಸುವುದೇನೂ ಇಲ್ಲ. ಟ್ರೈಲರ್ ಬಗ್ಗೆ ಮಾತ್ರ ಎರಡು ಮಾತು.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರು ವಾಹನ ಎಳೆಯುವ ಟ್ರೈಲರೂ ಒಂದು ವಾಹನವೇ. ವೆಲ್ಡಿಂಗ್ ಶಾಪಿನಲ್ಲಿ ಆಂಗಲ್ ಜೋಡಿಸಿ ಹಳೆಯ ಆಕ್ಸಲ್ ಹಾಕಿದ್ದನ್ನು ನೋಂದಣಿ ಇಲ್ಲದೆ ರಸ್ತೆಗೆ ತಂದರೆ, ತಡೆದಾಗ ಕಟ್ಟುವ ದಂಡಕ್ಕಿಂತ ಅಪಘಾತವಾದ ದಿನ ವಿಮೆಯಿಲ್ಲದೆ ನಿಲ್ಲುವುದೇ ದೊಡ್ಡ ಆಪತ್ತು. ಆದ್ದರಿಂದ ಕಬ್ಬಿಣ ಕತ್ತರಿಸುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ, ನಿಮ್ಮ ಜೀಪಿನ ಹಿಂದೆ ಅದನ್ನು ನೋಂದಾಯಿಸಿ ಕೊಡುತ್ತಾರೆಯೇ ಎಂದು ಕೇಳಿ.

ನೋಂದಣಿ ಆಗುತ್ತದೆಂದಾದರೆ ಟ್ಯಾಂಕಿನ ನಡುಭಾಗ ಆಕ್ಸಲ್ಲಿನ ನೇರಕ್ಕೆ, ತುಸು ಮುಂದಕ್ಕೆ ಇರಲಿ. ಒಟ್ಟು ತೂಕದ ಹತ್ತನೇ ಒಂದು ಭಾಗ ಕೊಂಡಿಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಬಿದ್ದರೆ ವೇಗ ಹೆಚ್ಚಿದಾಗ ಟ್ರೈಲರ್ ಬಾಲ ಅಲ್ಲಾಡಿಸತೊಡಗುತ್ತದೆ, ಒಮ್ಮೆ ಶುರುವಾದರೆ ಜೀಪನ್ನೂ ಜೊತೆಗೆ ಎಳೆದೊಯ್ಯುತ್ತದೆ. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಬ್ರೇಕ್ ಹಾಕಿದಾಗ ನೀರು ಒಂದೇ ಸಲ ಮುಂದಕ್ಕೆ ಅಪ್ಪಳಿಸುತ್ತದೆ. ಊರಿಂದೂರಿಗೆ ಹೋಗುವಾಗ ಖಾಲಿ ಮಾಡಿಯೇ ಹೊರಡಿ. ನಿಮ್ಮ ಮೊದಲಿನ ಯೋಜನೆಯ 1,000 ಲೀಟರಿನಲ್ಲಿ ಟ್ರೈಲರೇ ಹೆಚ್ಚುಕಡಿಮೆ ಜೀಪಿನಷ್ಟು ತೂಗುತ್ತಿತ್ತು, ಅದಕ್ಕೆ ಸ್ವಂತ ಬ್ರೇಕೂ ಇಲ್ಲ.

ನನ್ನನ್ನು ಕೇಳಿದರೆ ಟ್ರೈಲರನ್ನೇ ಬಿಟ್ಟು, ಇಡೀ ಸಲಕರಣೆಯನ್ನು ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಬೋಲ್ಟ್ ಹಾಕಿ ಬಿಗಿದು ಸಣ್ಣ ಗೂಡ್ಸ್ ಗಾಡಿಯ ಹಿಂದೆ ಇಡಿ ಎನ್ನುತ್ತೇನೆ. 750 ಕಿಲೋ ಹೊರುವ ಗಾಡಿ ಸಾಕು. ಎರಡೂ ಕಡೆ ಕೆಂಪುಕಲ್ಲಿನ ಪಾಗಾರವಿರುವ ನಮ್ಮ ಓಣಿಗಳಲ್ಲಿ ಟ್ರೈಲರನ್ನು ರಿವರ್ಸ್ ತೆಗೆಯುವುದು ಅಭ್ಯಾಸವಿದ್ದವರಿಗೂ ತಲೆನೋವೇ. ಲೈಸೆನ್ಸಿನ ಚಿಂತೆಯೂ ಇಲ್ಲ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಉತ್ತರ: ಹತ್ತು ಮಳೆಗಾಲ ಕಂಡವಳು, ಕಾರ್ಕಳ

ನಾನೂ ನನ್ನ ತಮ್ಮನೂ ಇದೇ ಕೆಲಸ ಮಾಡಿಕೊಂಡಿರುವುದರಿಂದ ಕೆಲಸದ ಬಗ್ಗೆ ಬರೆಯುತ್ತೇನೆ. ಅಡಿಕೆಯ ಪಂಪನ್ನು ಯಾರೂ ಗಣನೆಗೆ ತೆಗೆದುಕೊಂಡಿಲ್ಲ, ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು ಅದೇ.

ಅದರ ಒತ್ತಡ 20ರಿಂದ 40 ಬಾರ್ ಇರುತ್ತದೆ, ಅಂಗಳದ ಪಾಚಿ ಅದಕ್ಕೆ ಜಗ್ಗುವುದಿಲ್ಲ. ಆದರೆ ಹಂಚಿನ ಮಾಡಿಗೆ ಮತ್ತು ಕೆಂಪುಕಲ್ಲಿನ ಗೋಡೆಗೆ ನಿಮಗೆ ಬೇಕಾದದ್ದು ಅಷ್ಟೇ ಒತ್ತಡ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಕಾಲದಿಂದ ನಮ್ಮಲ್ಲಿ ತಲೆಮಾರುಗಳಷ್ಟು ಹಳೆಯ ಹಂಚುಗಳು ಮಾಡಿನ ಮೇಲಿವೆ. 150 ಬಾರಿನ ನೀರು ಅವುಗಳ ಮೇಲ್ಮೈಯನ್ನು ಕೆರೆದು ಇನ್ನಷ್ಟು ನೀರು ಹೀರುವಂತೆ ಮಾಡುತ್ತದೆ, ಸಂದಿಯಲ್ಲಿ ನುಗ್ಗಿ ಅಟ್ಟವನ್ನೂ ತೋಯಿಸುತ್ತದೆ. ಕೆಂಪುಕಲ್ಲಿನಲ್ಲಾದರೆ ಗಟ್ಟಿ ಭಾಗ ಉಳಿದು ಮೆತ್ತನೆಯ ಮಣ್ಣು ಕಿತ್ತುಬಂದು ಗೋಡೆ ಜೇನುಗೂಡಿನಂತಾಗುತ್ತದೆ. ಇಂತಹ ಕಡೆ ಪಾಚಿಯನ್ನು ಮದ್ದಿನಿಂದ ಸಾಯಿಸಬೇಕು, ಒತ್ತಡದಿಂದ ಕೀಳಬಾರದು.

ಮದ್ದೆಂದರೆ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯಲ್ಲಿ ಶೇಕಡಾ 10ರ ಆಸುಪಾಸಿನದು ಕ್ಯಾನಿನಲ್ಲಿ ಸಿಗುತ್ತದೆ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಶೇಕಡಾ 1ಕ್ಕೆ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಸಿಂಪಡಿಸಿ, ಹತ್ತು ಹದಿನೈದು ನಿಮಿಷ ಒಣಗಲು ಬಿಡದೆ ಕಾದು, ತೊಳೆಯಿರಿ. ಇದನ್ನು ದೊಡ್ಡ ಪಂಪಿನೊಳಗೆ ಎಂದಿಗೂ ಹಾಯಿಸಬೇಡಿ, ಹಿತ್ತಾಳೆಯನ್ನೂ ಸೀಲನ್ನೂ ತಿಂದುಹಾಕುತ್ತದೆ. ಅಡಿಕೆಯ ಪಂಪಿಗೂ ಅದು ಒಳ್ಳೆಯದಲ್ಲ, ಕೆಲಸ ಮುಗಿದ ಕೂಡಲೇ ಬರೀ ನೀರು ಓಡಿಸಿ ಚೆನ್ನಾಗಿ ತೊಳೆಯಲೇಬೇಕು. ಬಿಸಿಲಿನಲ್ಲಿಟ್ಟ ಕ್ಯಾನಿನ ಸತ್ವ ದಿನದಿಂದ ದಿನಕ್ಕೆ ಇಳಿಯುತ್ತದೆ. ಅದೇ ದಿನ ಟೈಲ್ಸಿನ ಕಲೆ ತೆಗೆಯಲು ಆಸಿಡ್ ಬಳಸುವವರಿದ್ದಾರೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಪ್ರಾಣಕ್ಕೇ ಅಪಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾವಿ. ನಮ್ಮ ಅಂಗಳಗಳಲ್ಲಿ ಕುಡಿಯುವ ನೀರಿನ ಬಾವಿ ಹತ್ತು ಹೆಜ್ಜೆಯೊಳಗೇ ಇರುತ್ತದೆ, ಕೆಂಪುಕಲ್ಲಿನ ನೆಲವೋ ಜರಡಿಯಂತೆ ನೀರಿಳಿಸುತ್ತದೆ. ತೊಳೆದ ನೀರು ಯಾವ ಕಡೆ ಹರಿಯುತ್ತದೆಂದು ಮೊದಲು ಒಂದು ಬಿಂದಿಗೆ ನೀರು ಚೆಲ್ಲಿ ನೋಡಿ, ಬಾವಿಕಟ್ಟೆಯ ಸುತ್ತ ಮರಳು ಚೀಲದ ಒಡ್ಡು ಹಾಕಿ, ಆ ಭಾಗದಲ್ಲಿ ಹೈಪೋ ಬಳಸದೆ ಬರೀ ನೀರಿನಲ್ಲೇ ಮುಗಿಸಿ. ಗಿಡಗಳಿಗೆ ಮೊದಲೂ ಆಮೇಲೂ ಧಾರಾಳ ನೀರು ಹಾಕಿ. ಶಂಕರಪುರದ ಕಡೆಯ ಒಂದು ಮನೆಯಲ್ಲಿ ನಮ್ಮ ಅಜಾಗರೂಕತೆಯಿಂದ ಎಂಟು ಮಲ್ಲಿಗೆ ಗಿಡಗಳು ಸುಟ್ಟುಹೋದವು. ಆ ಮನೆಯವರಿಗೆ ಮಲ್ಲಿಗೆಯೇ ದಿನದ ಆದಾಯ, ಸಿಕ್ಕಿದ ಕೂಲಿಗಿಂತ ನಾವು ಕೊಟ್ಟು ಬಂದದ್ದೇ ಹೆಚ್ಚಾಯಿತು.

ಇಂಟರ್‌ಲಾಕ್ ತೊಳೆದ ಮೇಲೆ ಸಂದಿಯ ಮರಳು ಅಷ್ಟಿಷ್ಟು ಹೋಗಿಯೇ ಇರುತ್ತದೆ. ಒಣಗಿದ ಮೇಲೆ ಮರಳು ಗುಡಿಸಿ ತುಂಬುವ ಖರ್ಚನ್ನು ದರ ಹೇಳುವಾಗಲೇ ಸೇರಿಸಿ. ಗನ್ನಿನ ನೀರು ಚರ್ಮದೊಳಗೆ ನುಗ್ಗಿದರೆ ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು; ಗಂಬೂಟು ಹಾಕದೆ ಯಾರನ್ನೂ ಕೆಲಸಕ್ಕೆ ಇಳಿಸಬೇಡಿ.

ಉತ್ತರ: ಬೆಂಗಳೂರಿನಿಂದ

ಈ ಉದ್ಯೋಗವನ್ನು ಮುಂದೆ ಬೆಂಗಳೂರಿಗೂ ವಿಸ್ತರಿಸುವ ಯೋಚನೆಯಿದ್ದರೆ ಒಂದು ವಿಷಯ ಗಮನದಲ್ಲಿರಲಿ. 2024ರ ಮಾರ್ಚಿನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ವಾಹನ ತೊಳೆಯುವುದೇ ಮೊದಲಾದ ಕೆಲಸಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಇಲ್ಲಿ ಮನೆಯವರ ನೀರನ್ನು ನೆಚ್ಚಿಕೊಂಡು ಬೇಸಿಗೆಯಲ್ಲಿ ಕೆಲಸ ಒಪ್ಪಿಕೊಳ್ಳುವಂತಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಟ್ರೈಲರಿನ ಯೋಚನೆ ಬಿಟ್ಟಿದ್ದೇನೆ. 500 ಲೀಟರಿನ ಟ್ಯಾಂಕು ಮತ್ತು 150 ಬಾರಿನ ಬೆಲ್ಟ್ ಪಂಪನ್ನು ಚೌಕಟ್ಟಿನ ಮೇಲೆ ಕೂರಿಸಿ, ಪರಿಚಯದವರ ಗೂಡ್ಸ್ ಗಾಡಿಯನ್ನು ಬಾಡಿಗೆಗೆ ಪಡೆದು ಈ ವರ್ಷ ನೋಡುತ್ತೇನೆ. ಒಂದೇ ಒಂದು ಸಂದೇಹ ಉಳಿದಿದೆ. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಕೆಲಸ ಮಾಡಬೇಕಾದರೆ ಹೋಸ್ ಎಷ್ಟು ಉದ್ದ ಇಟ್ಟುಕೊಳ್ಳಬೇಕು?

ಉತ್ತರ: ಪಂಪು ರಿಪೇರಿಯವ, ಉಡುಪಿ

30 ಮೀಟರಿನ ಎರಡು ತುಂಡು ಇಟ್ಟುಕೊಂಡು, ಬೇಕಾದಲ್ಲಿ ಮಾತ್ರ ಎರಡನ್ನೂ ಜೋಡಿಸಿ. ಉದ್ದ ಹೆಚ್ಚಿದಷ್ಟೂ ಗನ್ನಿನಲ್ಲಿ ಒತ್ತಡ ಕಡಿಮೆಯಾಗುವುದರಿಂದ ಒಳವ್ಯಾಸ 3/8 ಇಂಚಿಗಿಂತ ಸಣ್ಣದನ್ನು ಕೊಳ್ಳಬೇಡಿ. ನಲ್ಲಿಯಿಂದ ಟ್ಯಾಂಕಿಗೆ ನೀರು ತರುವ ಸಾದಾ ಪೈಪೂ ಅಷ್ಟೇ ಉದ್ದ ಬೇಕಾಗುತ್ತದೆ, ಅದನ್ನು ಮರೆತು ಹೋಗಿ ಗೇಟಿನ ಹತ್ತಿರ ನಿಂತವರನ್ನು ಬಹಳ ನೋಡಿದ್ದೇನೆ. ಎಂಜಿನ್ನನ್ನು ಮಾತ್ರ ಪೋರ್ಟಿಕೋದ ಒಳಗೆ ತಂದು ಓಡಿಸಬೇಡಿ, ಹೊಗೆ ಕಿಟಕಿಯಿಂದ ಮನೆಯೊಳಗೆ ಸೇರುತ್ತದೆ.