ಫ್ರೆಂಕಿಶ ಶ್ವೈಟ್ಸ್‌ನ ಗುಹೆಗಳು ಮತ್ತು ಹಳೆಯ ಬಂಡೆ ನೆಲಮಾಳಿಗೆಗಳು: ಚಳಿಗಾಲದ ರಜೆಯಲ್ಲಿ ಒಳಹೋಗಬಹುದೇ?

ಪ್ರಶ್ನೆ: ರೆಗ್ನಿಟ್ಸ್‌ತೀರ

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಜರ್ಮನಿಯ ಬವೇರಿಯಾ ರಾಜ್ಯದ ಎರ್ಲಾಂಗೆನ್‌ನಲ್ಲಿ ನೆಲೆಸಿರುವ ನಾನು ನ್ಯೂರೆಂಬರ್ಗ್, ಬಾಂಬೆರ್ಗ್ ಮತ್ತು ಬೈರಾಯ್ತ್ ನಗರಗಳ ನಡುವಿನ ಫ್ರೆಂಕಿಶ ಶ್ವೈಟ್ಸ್ ಎಂಬ ಗುಡ್ಡಗಾಡಿನಲ್ಲಿ ಬೇಸಿಗೆಯಲ್ಲಿ ಆಗಾಗ ನಡೆದಾಡುತ್ತೇನೆ. ವೀಸೆಂಟ್ ನದಿಯ ಕಣಿವೆಯಲ್ಲಿ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಸಾಗುವಾಗ ನೆಲದೊಳಕ್ಕೆ ಹೋಗುವ ಎರಡು ಬಗೆಯ ದಾರಿಗಳು ಕಾಣುತ್ತವೆ. ಮೇಲಿನ ಬಿಳಿಬಂಡೆಗಳ ಬುಡದಲ್ಲಿ ಬಾಗಿಲಿಲ್ಲದ ಸಹಜ ಗುಹೆಗಳಿವೆ. ಹಳ್ಳಿಗಳ ಅಂಚಿನ ದಿಬ್ಬಗಳಲ್ಲಿ ಕಲ್ಲಿನ ಕಮಾನು ಕಟ್ಟಿ, ಮರದ ಇಲ್ಲವೇ ಕಬ್ಬಿಣದ ಬಾಗಿಲಿಟ್ಟ ನೆಲಮಾಳಿಗೆಗಳಿವೆ. ಎರಡನೆಯ ಬಗೆಯವುಗಳಲ್ಲಿ ಹಲವಕ್ಕೆ ಬೀಗವೂ ಇಲ್ಲ, ಬಾಗಿಲು ಅರ್ಧ ಮುರಿದಿರುತ್ತದೆ.

ಬರುವ ಕ್ರಿಸ್‌ಮಸ್ ರಜೆಯಲ್ಲಿ ಬೆಂಗಳೂರಿನಿಂದ ಇಬ್ಬರು ಗೆಳೆಯರು ಬರುತ್ತಿದ್ದಾರೆ. ಟಿಕೆಟ್ ಕೊಟ್ಟು ದೀಪಗಳ ನಡುವೆ ಸಾಲಾಗಿ ನಡೆಯುವ ಗುಹೆಗಳಿಗಿಂತ ಇಂತಹ ಕಾಡಿನ ಗುಹೆಗಳನ್ನೂ ಹಳೆಯ ನೆಲಮಾಳಿಗೆಗಳನ್ನೂ ಅವರಿಗೆ ತೋರಿಸಬೇಕೆಂಬುದು ನನ್ನ ಆಸೆ. ಮಾರ್ಗದರ್ಶಕರಿಲ್ಲದೆ ಯಾವುದಕ್ಕೆ ಹೋಗಬಹುದು, ಬೀಗವಿಲ್ಲದ ನೆಲಮಾಳಿಗೆಯೊಳಗೆ ಕಾಲಿಡುವುದು ತಪ್ಪೇ, ಯಾವ ಸಿದ್ಧತೆ ಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಸುಣ್ಣಕಲ್ಲು

ನಿಮ್ಮ ಯೋಜನೆಗೆ ಮೊದಲ ತೊಡಕು ಕ್ರಿಸ್‌ಮಸ್ ರಜೆಯೇ. ಜರ್ಮನಿಯ ಒಕ್ಕೂಟ ನಿಸರ್ಗ ಸಂರಕ್ಷಣಾ ಕಾಯಿದೆಯ 39ನೇ ವಿಧಿಯ 6ನೇ ಉಪವಿಧಿಯು, ಬಾವಲಿಗಳು ಚಳಿಗಾಲ ಕಳೆಯುವ ಗುಹೆ, ಸುರಂಗ, ನೆಲಮಾಳಿಗೆ ಮತ್ತು ಅಂತಹುದೇ ಸ್ಥಳಗಳಿಗೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಹೋಗುವುದನ್ನು ನಿಷೇಧಿಸುತ್ತದೆ. ನೆಲಮಾಳಿಗೆ ಎಂಬುದೂ ಕಾಯಿದೆಯ ಪಾಠದಲ್ಲಿಯೇ ಇದೆ. ಆದ್ದರಿಂದ ನೀವು ಕೇಳಿದ ಎರಡೂ ಬಗೆಯ ಸ್ಥಳಗಳಿಗೆ ಇದು ಅನ್ವಯಿಸುತ್ತದೆ. ಪ್ರವಾಸಿಗರಿಗಾಗಿ ಸಜ್ಜುಗೊಳಿಸಿದ ಅಥವಾ ಮೊದಲಿನಿಂದಲೂ ಬಹಳ ಬಳಕೆಯಲ್ಲಿರುವ ಸ್ಥಳಗಳಿಗೆ ವಿನಾಯಿತಿಯುಂಟು. ಬಾಗಿಲು ಮುರಿದಿದೆ, ಒಳಗೆ ಯಾರೂ ಕಾಣುತ್ತಿಲ್ಲ ಎಂಬುದು ವಿನಾಯಿತಿಗೆ ಕಾರಣವಾಗುವುದಿಲ್ಲ. ಬಂಡೆಯ ಬಿರುಕಿನಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ಕುಳಿತ ಬಾವಲಿ ನಿಮ್ಮ ಟಾರ್ಚಿಗೆ ಕಾಣಲಾರದು.

ಈ ನಿಯಮ ಬರೀ ಕಾಗದದ ಕಟ್ಟುನಿಟ್ಟಲ್ಲ ಎಂಬುದಕ್ಕಾಗಿ ಕಾರಣವನ್ನೂ ಹೇಳುತ್ತೇನೆ. ಹುಳುಹುಪ್ಪಟೆ ಸಿಗದ ತಿಂಗಳುಗಳನ್ನು ಬಾವಲಿಯು ಶರತ್ಕಾಲದಲ್ಲಿ ಕೂಡಿಸಿಟ್ಟ ಕೊಬ್ಬಿನಿಂದಲೇ ದಾಟಬೇಕು. ಅದಕ್ಕಾಗಿ ತನ್ನ ಮೈಯ ಉಷ್ಣತೆಯನ್ನು ಸುತ್ತಲಿನ ಗಾಳಿಯ ಮಟ್ಟಕ್ಕೆ ಇಳಿಸಿಕೊಂಡು, ಹೃದಯದ ಬಡಿತವನ್ನೂ ಉಸಿರನ್ನೂ ತೀರ ನಿಧಾನಗೊಳಿಸುತ್ತದೆ. ಬೆಳಕು, ಸದ್ದು, ಮನುಷ್ಯರ ಮೈಶಾಖ ಇವುಗಳಲ್ಲಿ ಯಾವುದರಿಂದಲಾದರೂ ಎಚ್ಚರಗೊಂಡರೆ ಮೈಯನ್ನು ಮತ್ತೆ ಬಿಸಿಯೇರಿಸಲು ಆ ಕೊಬ್ಬಿನ ದೊಡ್ಡ ಪಾಲು ಕರಗಿಹೋಗುತ್ತದೆ. ಹೀಗೆ ಕೆಲವು ಸಲ ಎಬ್ಬಿಸಿದರೆ ಅದು ವಸಂತವನ್ನು ಕಾಣುವುದಿಲ್ಲ, ಮತ್ತು ಅದು ಸತ್ತದ್ದು ಎಬ್ಬಿಸಿದವರಿಗೆ ತಿಳಿಯುವುದೂ ಇಲ್ಲ.

ಪ್ರವಾಸವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಗೆ ಮುಂದೂಡಲು ಸಾಧ್ಯವಾದರೆ ಮುಗ್ಗೆನ್‌ಡೋರ್ಫ್ ಹಳ್ಳಿಯ ಮೇಲಿನ ಓಸ್ವಾಲ್ಡ್‌ಹೋಲೆಯಿಂದ ಆರಂಭಿಸಿ. ಅದು ಎರಡೂ ಕಡೆ ತೆರೆದಿರುವ, ಕಾಲುಹಾದಿಯೇ ಒಳಗಿನಿಂದ ಹಾದುಹೋಗುವ ಗುಹೆ. ಟಾರ್ಚ್ ಬೇಕು, ಅಲ್ಲಲ್ಲಿ ತಲೆ ತಗ್ಗಿಸಬೇಕು, ಅಷ್ಟೇ. ಚಳಿಗಾಲದಲ್ಲಿಯೇ ಬರುವುದಾದರೆ ರೀಸೆನ್‌ಬುರ್ಗ್‌ಗೆ ಹೋಗಿ. ಅದು ಚಾವಣಿ ಕುಸಿದು ಕಮಾನುಗಳು ಮಾತ್ರ ಉಳಿದಿರುವ ಗುಹೆಯ ಅವಶೇಷ, ಆಕಾಶಕ್ಕೆ ತೆರೆದುಕೊಂಡಿದೆ. ಬವೇರಿಯಾದ ಅರಸ ಒಂದನೆಯ ಲುಡ್ವಿಗ್ 1830ರಲ್ಲಿ ಅಲ್ಲಿಗೆ ಬಂದಾಗ ರಚಿಸಿದ ಪದ್ಯವನ್ನು ಬಂಡೆಯಲ್ಲಿ ಕಾಣಬಹುದು. ಹಿಮ ಬಿದ್ದಾಗ ಅಲ್ಲಿನ ಮೆಟ್ಟಿಲುಗಳು ಬಹಳ ಜಾರುತ್ತವೆ.

ಉತ್ತರ: ಹಳೇಕಮಾನು

ಗುಹೆಗಳ ವಿಷಯವನ್ನು ಮೇಲಿನವರು ಹೇಳಿದ್ದಾರೆ. ನನ್ನ ಆಸಕ್ತಿಯೆಲ್ಲ ನೆಲಮಾಳಿಗೆಗಳಲ್ಲಿರುವುದರಿಂದ ಆ ಭಾಗವನ್ನು ತುಸು ವಿಸ್ತಾರವಾಗಿ ಬರೆಯುತ್ತೇನೆ.

ಈ ಎರಡು ಬಗೆಯ ಪೊಳ್ಳುಗಳು ಬೇರೆ ಬೇರೆ ಎತ್ತರದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ ಕಲ್ಲಿನಲ್ಲಿಯೇ ಇದೆ. ಮೇಲಿನ ಬಿಳಿಬಂಡೆ ಸುಮಾರು 15–16 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಕೊನೆಯ ಭಾಗದಲ್ಲಿ, ಬೆಚ್ಚನೆಯ ಸಮುದ್ರದ ತಳದಲ್ಲಿ ರೂಪುಗೊಂಡ ಸುಣ್ಣಕಲ್ಲು ಮತ್ತು ಡಾಲಮೈಟ್. ಮಣ್ಣಿನಿಂದ ಇಂಗಾಲಾಮ್ಲವನ್ನು ಹೀರಿಕೊಂಡು ಇಳಿಯುವ ಮಳೆನೀರು ಅದನ್ನು ಬಿರುಕುಗಳ ಉದ್ದಕ್ಕೂ ಕರಗಿಸುವುದರಿಂದ ಅಲ್ಲಿ ಸಾವಿರಕ್ಕೂ ಮಿಕ್ಕ ಗುಹೆಗಳಾಗಿವೆ. ಅದರ ಅಡಿಯಲ್ಲಿರುವುದು ಇನ್ನೂ ಹಳೆಯ ಮರಳುಗಲ್ಲಿನ ಪದರಗಳು. ಮರಳುಗಲ್ಲು ನೀರಿಗೆ ಹಾಗೆ ಕರಗುವುದಿಲ್ಲ, ಆದರೆ ಗುದ್ದಲಿಗೆ ಬಗ್ಗುತ್ತದೆ, ತೋಡಿದ ಮೇಲೆ ಆಸರೆಯಿಲ್ಲದೆಯೇ ನಿಲ್ಲುತ್ತದೆ. ಹೀಗಾಗಿ ಮೇಲಿನವು ನೀರು ಮಾಡಿದವು, ಕೆಳಗಿನವು ಮನುಷ್ಯರು ತೋಡಿದವು.

ತೋಡಿದ್ದು ಮುಖ್ಯವಾಗಿ ಬಿಯರ್‌ಗಾಗಿ. ತಳಹುದುಗಿನ (ಹುದುಗು ತಳದಲ್ಲಿ ಕೂರುವ ಬಗೆಯ) ಬಿಯರ್‌ಗೆ 4ರಿಂದ 9 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕು. ಅದಕ್ಕಿಂತ ಬಿಸಿಯಾದರೆ ಕೆಟ್ಟುಹೋಗುತ್ತದೆ. ಬವೇರಿಯಾದ ಡ್ಯೂಕರು 16ನೇ ಶತಮಾನದಲ್ಲಿ ಸೆಪ್ಟೆಂಬರ್ 29ರ ಸಂತ ಮಿಖಾಯೆಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜ್‌ನ ಹಬ್ಬದವರೆಗೆ ಮಾತ್ರ ಬಿಯರ್ ಬೇಯಿಸಬಹುದೆಂದು ಕಟ್ಟಳೆ ವಿಧಿಸಿದ್ದರು. ಈ ಪ್ರದೇಶದ ಬಹುಭಾಗ ಆಗ ಡ್ಯೂಕರ ಆಳ್ವಿಕೆಯಲ್ಲಿರದೆ ಬಾಂಬೆರ್ಗ್‌ನ ಬಿಷಪ್ಪರ ಕೈಯಲ್ಲಿತ್ತು, ಆದರೆ ಬೇಸಿಗೆಯ ಸೆಕೆ ಗಡಿಯನ್ನು ನೋಡುವುದಿಲ್ಲವಷ್ಟೆ. ವಸಂತದ ಮೊದಲು ಮಾಡಿದ ಬಿಯರನ್ನು ಶರತ್ಕಾಲದವರೆಗೆ ಉಳಿಸಿಕೊಳ್ಳಲು ವರ್ಷವಿಡೀ ಒಂದೇ ತಂಪಿರುವ ಬಂಡೆಯ ಒಳಗನ್ನು ಆರಿಸಿಕೊಂಡರು. ಚಳಿಗಾಲದಲ್ಲಿ ಕೆರೆಗಳಿಂದ ಮಂಜುಗಡ್ಡೆ ಕೊಯ್ದು ತಂದು ಒಳಗೆ ಪೇರಿಸಿದರು. ಗಾಳಿಯಾಡಲು ಮೇಲಕ್ಕೆ ಕೊಳವೆಯಂತಹ ರಂಧ್ರಗಳನ್ನು ಕೊರೆದರು. ನೆಲ ಕಾಯದಿರಲೆಂದು ಮೇಲ್ಗಡೆ ಅಗಲ ಎಲೆಯ, ಬೇರು ಆಳಕ್ಕಿಳಿಯದ ಕುದುರೆ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಆ ಮರಗಳ ನೆರಳಿನಲ್ಲಿ ಬೆಂಚು ಹಾಕಿ, ಕೆಳಗಿನಿಂದ ತಂದ ಬಿಯರನ್ನು ಅಲ್ಲಿಯೇ ಕುಡಿಯುವ ರೂಢಿ ಇಂದಿಗೂ ಫ್ರಾಂಕೋನಿಯಾ ಎಂಬ ಈ ಉತ್ತರ ಬವೇರಿಯಾ ಪ್ರಾಂತದ ಬೇಸಿಗೆಯ ಜೀವಾಳ. ಫೋರ್ಖ್‌ಹೈಮ್‌ನ ಕೆಲ್ಲರ್‌ವಾಲ್ಡ್‌ನಲ್ಲಿ 1840ರಿಂದ ನಡೆದುಬಂದಿರುವ ಅನ್ನಾಫೆಸ್ಟ್, ನಿಮ್ಮದೇ ಊರಿನ ಬುರ್ಗ್‌ಬೆರ್ಗ್ ಗುಡ್ಡದಲ್ಲಿ 1755ರಿಂದ ನಡೆಯುತ್ತಿರುವ ಬೆರ್ಗ್‌ಕಿರ್ಖ್‌ವೈ ಜಾತ್ರೆ, ಇವೆರಡೂ ಇಂತಹ ನೆಲಮಾಳಿಗೆಗಳ ನೆತ್ತಿಯ ಮೇಲೆಯೇ ಸೇರುವ ಜಾತ್ರೆಗಳು. ಎರ್ಲಾಂಗೆನ್‌ನಲ್ಲಿರುವ ಕನ್ನಡಿಗರಲ್ಲಿ ಈ ಬೆರ್ಗ್ ಜಾತ್ರೆಗೆ ಹೋಗದವರು ವಿರಳ, ಆದರೆ ತಾವು ಕುಳಿತ ಬೆಂಚಿನ ಕೆಳಗೆ ಏನಿದೆ ಎಂದು ವಿಚಾರಿಸಿದವರು ಇನ್ನೂ ವಿರಳ.

1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಮ್ಯೂನಿಕ್‌ನ ಬಿಯರ್ ತಯಾರಕರಿಗಾಗಿ ಶೈತ್ಯೀಕರಣ ಯಂತ್ರವನ್ನು ರೂಪಿಸಿದ ಮೇಲೆ ನೆಲಮಾಳಿಗೆಗಳ ಅಗತ್ಯ ಮೆಲ್ಲಮೆಲ್ಲನೆ ಕಡಿಮೆಯಾಯಿತು. ಹಳ್ಳಿಯವರು ಕೆಲವನ್ನು ಆಲೂಗಡ್ಡೆ ಮತ್ತು ಗೆಡ್ಡೆಗಳಿಗೆ ಬಳಸಿದರು, ಕೆಲವು ಪಾಳುಬಿದ್ದವು. ನೀವು ನೋಡಿದ ಮುರಿದ ಬಾಗಿಲುಗಳು ಈ ಕೊನೆಯ ಗುಂಪಿಗೆ ಸೇರಿದವು. ಆದರೆ ಪಾಳುಬಿದ್ದದ್ದಕ್ಕೂ ಒಡೆಯರಿರುತ್ತಾರೆ. ಕಾಡಿನಲ್ಲಿ ಎಲ್ಲರೂ ನಡೆಯಬಹುದೆಂಬ ಬವೇರಿಯಾದ ಸಂವಿಧಾನದ ಹಕ್ಕು ಮನುಷ್ಯರು ಕಟ್ಟಿದ ನೆಲಮಾಳಿಗೆಗೆ ಅನ್ವಯಿಸುವುದಿಲ್ಲ. ಅನುಮತಿ ಕೇಳಿ, ಬೇಸಿಗೆಯಲ್ಲಿ ಹಳ್ಳಿಯ ಬಿಯರ್ ಅಂಗಳದಲ್ಲಿ ವಿನಯದಿಂದ ವಿಚಾರಿಸಿದರೆ ಕೆಲವರು ತಾವೇ ಕೀಲಿ ತಂದು ತೋರಿಸುತ್ತಾರೆ. ಅಪಾಯದ ಮಾತಿಗೆ ಬಂದರೆ, ಮರಳುಗಲ್ಲಿನ ನೆಲಮಾಳಿಗೆಯ ಅತ್ಯಂತ ದುರ್ಬಲ ಭಾಗ ಬಾಗಿಲಿನ ಬಳಿಯ ಮೊದಲ ಕೆಲವು ಮೀಟರುಗಳು. ಹಿಮ ಕಟ್ಟಿ ಕರಗುವುದು, ಬೇರು ನುಗ್ಗುವುದು, ಕಮಾನಿನ ಗಾರೆ ಉದುರುವುದು ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಒಳಗೆ ಹೋಗುವಾಗ ನಿಂತಿದ್ದ ಕಮಾನು ಹೊರಬರುವಾಗ ನಿಂತಿರುತ್ತದೆಂಬ ಭರವಸೆ ಯಾರೂ ಕೊಡಲಾರರು.

ಕ್ರಿಸ್‌ಮಸ್‌ಗೆ ನೆಲಮಾಳಿಗೆಯನ್ನು ನೋಡಲೇಬೇಕೆಂದಿದ್ದರೆ ನ್ಯೂರೆಂಬರ್ಗ್‌ನ ಹಳೆಯ ಊರಿನ ಕೆಳಗಿನ ಫೆಲ್ಸೆನ್‌ಗೆಂಗೆ ಎಂಬ ಬಂಡೆ ಸುರಂಗಗಳಿಗೆ ಹೋಗಿ. ಬಿಯರ್ ಮಾಡಿ ಮಾರುವವರು ಸ್ವಂತ ನೆಲಮಾಳಿಗೆ ಹೊಂದಿರಬೇಕೆಂದು ನಗರಸಭೆ 1380ರಲ್ಲಿಯೇ ವಿಧಿಸಿತ್ತು. ಹಲವು ಮಹಡಿಗಳಲ್ಲಿ ಹಬ್ಬಿದ ಆ ಸುರಂಗಗಳು ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಜನರ ಪ್ರಾಣ ಉಳಿಸಿದವು. ಕೋಟೆಯ ಗುಡ್ಡದ ಕೆಳಗಿನ ಇನ್ನೊಂದು ನೆಲಮಾಳಿಗೆಯಲ್ಲಿ ನಗರದ ಕಲಾಕೃತಿಗಳನ್ನು ಬಾಂಬುಗಳಿಂದ ಕಾಪಾಡಿದ್ದರು; ಅದಕ್ಕೆ ಪ್ರತ್ಯೇಕ ಪ್ರವಾಸವಿದೆ. ಬಾಂಬೆರ್ಗ್‌ನ ಸ್ಟೆಫಾನ್ಸ್‌ಬೆರ್ಗ್ ಗುಡ್ಡದ ಸುರಂಗಗಳನ್ನೂ ಮಾರ್ಗದರ್ಶಕರ ಜೊತೆ ನೋಡಬಹುದು. ಅವನ್ನು ಮೊದಲು ತೋಡಿದ್ದು ಪಾತ್ರೆ ಮತ್ತು ನೆಲ ಉಜ್ಜುವ ಮರಳಿಗಾಗಿ, ಬಿಯರ್ ಬಂದದ್ದು ಆಮೇಲೆ.

ಮರುಪ್ರಶ್ನೆ: ರೆಗ್ನಿಟ್ಸ್‌ತೀರ

ಇಬ್ಬರಿಗೂ ಧನ್ಯವಾದಗಳು. ಡಿಸೆಂಬರ್‌ನಲ್ಲಿ ನ್ಯೂರೆಂಬರ್ಗ್ ಮತ್ತು ರೀಸೆನ್‌ಬುರ್ಗ್ ಮಾತ್ರ ನೋಡಿ, ಕಾಡಿನ ಗುಹೆಗಳನ್ನು ನಾನೊಬ್ಬನೇ ಮೇ ತಿಂಗಳಲ್ಲಿ ನೋಡುವುದೆಂದು ನಿರ್ಧರಿಸಿದ್ದೇನೆ. ಇನ್ನೊಂದು ಸಂದೇಹ. ಬುರ್ಗ್‌ಗೈಲೆನ್‌ರಾಯ್ತ್‌ನಲ್ಲಿ ಗುಹಾಕರಡಿಯ ಎಲುಬುಗಳು ಸಿಕ್ಕ ಪ್ರಸಿದ್ಧ ಗುಹೆಯಿದೆಯಂತೆ; ಅದಕ್ಕೆ ಹೋಗಬಹುದೇ? ಪೊಟ್ಟೆನ್‌ಸ್ಟೈನ್‌ನ ಟಾಯ್ಫೆಲ್ಸ್‌ಹೋಲೆಯಂತಹ ಪ್ರವಾಸಿ ಗುಹೆಗಳನ್ನು ನಾನು ಇದುವರೆಗೆ ಕಡೆಗಣಿಸಿದ್ದೇನೆ. ಅದು ಸರಿಯೇ?

ಉತ್ತರ: ಕಡತಪ್ರಿಯ

ಬುರ್ಗ್‌ಗೈಲೆನ್‌ರಾಯ್ತ್‌ನ ತ್ಸೋಲಿಥೆನ್‌ಹೋಲೆಗೆ ಬೀಗ ಹಾಕಲಾಗಿದೆ, ಸಂಶೋಧಕರಲ್ಲದವರಿಗೆ ಪ್ರವೇಶವಿಲ್ಲ. ಆದರೆ ಅದರ ಕಥೆ ತಿಳಿದುಕೊಂಡೇ ಆ ಕಣಿವೆಯಲ್ಲಿ ನಡೆಯುವುದು ಒಳ್ಳೆಯದು. ಉಟೆನ್‌ರಾಯ್ತ್‌ನ ಪಾದ್ರಿ ಯೋಹಾನ್ ಫ್ರೀಡ್ರಿಖ್ ಎಸ್ಪರ್ ಅಲ್ಲಿನ ಎಲುಬುಗಳನ್ನು ಕುರಿತು 1774ರಲ್ಲಿ ಚಿತ್ರಸಹಿತ ಗ್ರಂಥವನ್ನು ಪ್ರಕಟಿಸಿದರು. ಅವು ಈಗ ಬದುಕಿರುವ ಯಾವ ಕರಡಿಗೂ ಸೇರದ, ಅಳಿದುಹೋದ ಬೇರೊಂದು ಪ್ರಭೇದದವು ಎಂದು 1794ರಲ್ಲಿ ಹೆಸರಿಟ್ಟು ವರ್ಣಿಸಿದವರು ಎರ್ಲಾಂಗೆನ್‌ನಲ್ಲಿ ಓದಿದ ರೋಸೆನ್‌ಮ್ಯುಲ್ಲರ್. ಗುಹಾಸಿಂಹವನ್ನು ಗೋಲ್ಡ್‌ಫುಸ್ 1810ರಲ್ಲಿ ವರ್ಣಿಸಿದ್ದೂ ಇಲ್ಲಿಯ ಎಲುಬುಗಳಿಂದಲೇ. ಒಂದು ಜೀವಿ ಭೂಮಿಯಿಂದ ಪೂರ್ಣವಾಗಿ ಅಳಿದುಹೋಗಬಹುದೇ ಎಂಬುದೇ ವಾದದ ವಿಷಯವಾಗಿದ್ದ ಕಾಲವದು. ಇಂಗ್ಲೆಂಡಿನ ಭೂವಿಜ್ಞಾನಿ ಬಕ್‌ಲ್ಯಾಂಡ್ 1816ರಲ್ಲಿ ಇಲ್ಲಿಗೆ ಬಂದುಹೋದರು. ಹಾಗೆ ಬಂದವರಲ್ಲಿ ಅನೇಕರು ಚೀಲ ತುಂಬ ಎಲುಬು ಹೊತ್ತೊಯ್ದರು, ಅದನ್ನು ಈಗ ಯಾರೂ ಮಾಡುವಂತಿಲ್ಲ. ಗುಹೆಯ ಮಣ್ಣು ಕೆದಕಲು ಬವೇರಿಯಾದ ಸ್ಮಾರಕ ಸಂರಕ್ಷಣಾ ಕಾಯಿದೆಯಡಿ ಅನುಮತಿ ಬೇಕು, ಮತ್ತು 2023ರ ಜುಲೈ 1ರಿಂದ ಪುರಾತತ್ತ್ವ ಮಹತ್ವದ ನಿಧಿಗಳು ಸರ್ಕಾರಕ್ಕೇ ಸೇರುತ್ತವೆ. ಎಲುಬು ಕಂಡರೆ ಮುಟ್ಟದೆ ಚಿತ್ರ ತೆಗೆದು ತಿಳಿಸಿ.

ಪ್ರವಾಸಿ ಗುಹೆಗಳನ್ನು ಕಡೆಗಣಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಕಾಡಿನ ಗುಹೆಗಳಲ್ಲಿ ಚಾವಣಿಯಿಂದ ಇಳಿಬಿದ್ದ, ಕೈಗೆಟಕುವ ಸುಣ್ಣದ ಕೋಲುಗಳನ್ನೆಲ್ಲ (ಸ್ಟ್ಯಾಲಕ್ಟೈಟ್) ಹಿಂದಿನ ಎರಡು ಶತಮಾನಗಳ ಜನ ಬಹುಮಟ್ಟಿಗೆ ಮುರಿದೊಯ್ದಿದ್ದಾರೆ. ಅವು ಇದ್ದ ಹಾಗೆಯೇ ಉಳಿದಿರುವುದು ಕಾವಲಿದ್ದ ಕಡೆ. ರಾಬೆನ್‌ಸ್ಟೈನ್ ಕೋಟೆಯ ಬಳಿಯ ಸೋಫಿಯೆನ್‌ಹೋಲೆಯ ಒಳಭಾಗ 1833ರಲ್ಲಿ ಪತ್ತೆಯಾದಾಗ ಒಡೆಯರು ಕೂಡಲೇ ಅದನ್ನು ಭದ್ರಪಡಿಸಿದ್ದರಿಂದ ಇಂದು ನೋಡಲು ಏನಾದರೂ ಉಳಿದಿದೆ. ಸ್ಟ್ರೈಟ್‌ಬೆರ್ಗ್‌ನ ಬಿಂಗ್‌ಹೋಲೆಯನ್ನು ನ್ಯೂರೆಂಬರ್ಗ್‌ನ ಉದ್ಯಮಿ ಇಗ್ನಾಟ್ಸ್ ಬಿಂಗ್ 1905ರಲ್ಲಿ ಕಂಡುಹಿಡಿದರು. ಸುಮಾರು 300 ಮೀಟರ್ ಉದ್ದದ, ನೆಲದಡಿಯ ಹೊಳೆ ಕೊರೆದ ಓಣಿಯದು. ಚಳಿಗಾಲದಲ್ಲಿ ಇಂತಹ ಗುಹೆಗಳು ಮುಚ್ಚಿರುತ್ತವೆ ಅಥವಾ ಕೆಲವೇ ದಿನ ತೆರೆದಿರುತ್ತವೆ, ಮೊದಲೇ ವಿಚಾರಿಸಿ.

ಟಾಯ್ಫೆಲ್ಸ್‌ಹೋಲೆಗೆ ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು. 1922ರಲ್ಲಿ ಅದರ ಒಳಭಾಗವನ್ನು ತೆರೆದ ಭೂವಿಜ್ಞಾನಿ ಹಾನ್ಸ್ ಬ್ರಾಂಡ್ ಮುಂದೆ ನಾಜಿಗಳ ಎಸ್‌ಎಸ್‌ ಪಡೆಯ ಅಧಿಕಾರಿಯಾಗಿ ಅದರ ಕಾರ್ಸ್ಟ್ (ಸುಣ್ಣಕಲ್ಲಿನ ಗುಹಾಪ್ರದೇಶ) ತುಕಡಿಯನ್ನು ಕಟ್ಟಿದರು. 1942ರಿಂದ 1945ರವರೆಗೆ ಪೊಟ್ಟೆನ್‌ಸ್ಟೈನ್‌ನಲ್ಲಿ ಫ್ಲೋಸೆನ್‌ಬ್ಯುರ್ಗ್ ಸೆರೆಶಿಬಿರದ ಉಪಶಿಬಿರವಿತ್ತು. ಗುಹೆಯ ವಿಸ್ತರಣೆಯಲ್ಲಿಯೂ ಸಮೀಪದ ಕೆರೆಯ ನಿರ್ಮಾಣದಲ್ಲಿಯೂ ಅಲ್ಲಿನ ಕೈದಿಗಳನ್ನು ದುಡಿಸಲಾಯಿತು, ಹಲವರು ಸತ್ತರು. ಇದನ್ನು ತಿಳಿಯದೆ ಬಣ್ಣದ ದೀಪಗಳನ್ನಷ್ಟೇ ಹೊಗಳುವುದು ನನಗೆ ಕಷ್ಟವಾಗುತ್ತದೆ.

ಉತ್ತರ: ಮಲೆಯವ

ಮೇಲಿನ ಉತ್ತರಗಳು ಅನಗತ್ಯವಾಗಿ ಹೆದರಿಸುತ್ತಿವೆ ಎಂದು ನನ್ನ ಅನಿಸಿಕೆ. ಬೇಸಿಗೆಯಲ್ಲಿ ಸ್ಥಳೀಯರು ಪುಟ್ಟ ಮಕ್ಕಳನ್ನು ಕರೆದುಕೊಂಡು ಓಸ್ವಾಲ್ಡ್‌ಹೋಲೆಯಲ್ಲಿ ನಡೆಯುವುದನ್ನು ಯಾರೂ ನೋಡಬಹುದು. ಹೀಗೆಯೇ ಮುಂದುವರಿದು ಪ್ರತಿ ಗುಹೆಗೂ ಹೆಲ್ಮೆಟ್, ಗುಹಾ ಸಂಘದ ಸದಸ್ಯತ್ವ ಬೇಕು ಎಂದರೆ ಯಾರೂ ಮನೆಯಿಂದ ಹೊರಡಲಾರರು.

ಉತ್ತರ: ಸುಣ್ಣಕಲ್ಲು

ಓಸ್ವಾಲ್ಡ್‌ಹೋಲೆಯ ಮಟ್ಟಿಗೆ ನಿಮ್ಮ ಮಾತು ಒಪ್ಪತಕ್ಕದ್ದೇ, ಅದಕ್ಕಾಗಿಯೇ ಅದನ್ನು ಮೊದಲು ಹೆಸರಿಸಿದೆ. ಆದರೆ ಹಗಲಿನ ಬೆಳಕು ಎರಡೂ ತುದಿಯಿಂದ ಬರುವ ಗುಹೆ ಒಂದು ಬಗೆ. ತೆವಳಿ ಹೋಗಬೇಕಾದ, ಕಡಿದಾಗಿ ಕೆಳಗಿಳಿಯುವ ಗುಹೆ ಬೇರೆಯೇ ಬಗೆ. ಎರಡನೆಯದರಲ್ಲಿ ಒಬ್ಬರೇ ಹೋಗಬಾರದು, ಆದ್ದರಿಂದ ಪ್ರಶ್ನೆ ಕೇಳಿದವರು ಮೇ ತಿಂಗಳಿಗೆ ಜೊತೆಗಾರರನ್ನು ಹುಡುಕಿಕೊಳ್ಳಲಿ. ಒಬ್ಬೊಬ್ಬರಲ್ಲೂ ಪರಸ್ಪರ ಅವಲಂಬಿಸದ ಮೂರು ದೀಪಗಳಿರಲಿ, ತಲೆಗೆ ಹೆಲ್ಮೆಟ್ ಇರಲಿ, ಯಾವ ಗುಹೆಗೆ ಹೋಗುತ್ತಿದ್ದೀರಿ ಮತ್ತು ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದು ಹೊರಗಿರುವ ಒಬ್ಬರಿಗೆ ತಿಳಿದಿರಲಿ, ಏಕೆಂದರೆ ಒಳಗೆ ಫೋನ್ ಕೆಲಸ ಮಾಡುವುದಿಲ್ಲ. ಗುಹೆಯ ತಾಪ ಸುಮಾರು 9 ಡಿಗ್ರಿ; ಮೇ ತಿಂಗಳ ಬಿಸಿಲಿಗೆ ಹಾಕಿಕೊಂಡ ತೆಳು ಅಂಗಿ ಅಲ್ಲಿ ಸಾಲದು. ಅವಘಡವಾದರೆ 112ಕ್ಕೆ ಕರೆ ಮಾಡಿ ಗುಹೆಯೊಳಗೆ ಎಂದು ಸ್ಪಷ್ಟವಾಗಿ ಹೇಳಿದರೆ ಬೆರ್ಗ್‌ವಾಖ್ಟ್ ಎಂಬ ಪರ್ವತ ರಕ್ಷಣಾ ಸಂಸ್ಥೆಯ ಗುಹಾರಕ್ಷಣಾ ತಂಡಕ್ಕೆ ಸುದ್ದಿ ಹೋಗುತ್ತದೆ.

ಇದನ್ನು ಗಂಭೀರ ಹವ್ಯಾಸವಾಗಿ ಕೈಗೊಳ್ಳುವ ಇಚ್ಛೆಯಿದ್ದರೆ ನ್ಯೂರೆಂಬರ್ಗ್ ಭಾಗದ ಗುಹಾ ಸಂಘಗಳನ್ನು ಸಂಪರ್ಕಿಸಿ. ನಮ್ಮವರು ಬಳ್ಳಾರಿಯ ಕಡೆಯಿಂದ ನೋಡಲು ಹೋಗುವ ಆಂಧ್ರದ ಬೆಲುಂ ಗುಹೆಗಳನ್ನು 1982–83ರಲ್ಲಿ ವಿವರವಾಗಿ ಅಳೆದದ್ದೂ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡವೇ. ಇಲ್ಲಿ ಬಳಸಿದ ಬೂಟು, ಬಟ್ಟೆ, ಹಗ್ಗಗಳನ್ನು ಬೇರೆ ಖಂಡದ ಗುಹೆಗೆ ಒಯ್ಯುವ ಮುನ್ನ ತೊಳೆದು ಸೋಂಕು ತೆಗೆಯಬೇಕು. ಯೂರೋಪಿನ ಬಾವಲಿಗಳು ಸಹಿಸಿಕೊಳ್ಳುವ ಶಿಲೀಂಧ್ರವೊಂದು ಉತ್ತರ ಅಮೆರಿಕವನ್ನು ತಲುಪಿ, 2006ರಲ್ಲಿ ಮೊದಲು ಕಾಣಿಸಿಕೊಂಡ ಬಿಳಿಮೂಗಿನ ರೋಗದಿಂದ ಅಲ್ಲಿನ ಬಾವಲಿಗಳನ್ನು ಲಕ್ಷಗಟ್ಟಲೆ ಕೊಂದಿದೆ. ಅದನ್ನು ಮನುಷ್ಯರೇ ಒಯ್ದಿರಬೇಕೆಂಬುದು ವಿಜ್ಞಾನಿಗಳ ಬಲವಾದ ಅನುಮಾನ. ನಿಮ್ಮ ಗೆಳೆಯರು ಬೆಂಗಳೂರಿಗೆ ಮರಳುವಾಗಲೂ ಈ ಎಚ್ಚರಿಕೆ ಅನ್ವಯಿಸುತ್ತದೆ.